ಯಾವ ಬೇಜಾರು?

ನಾನು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಟೀಚರ್. ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರು ತರಬೇತಿ ಪಡೆದು, ವಾರಕ್ಕೊಂದು ಪಿರಿಯಡ್ ತೆಗೆದುಕೊಳ್ಳಬೇಕು. ಅದರ 11 ವಿಷಯಗಳಲ್ಲಿ ಮನಸ್ಸಿನ ಆರೋಗ್ಯವೂ ಒಂದು. ನಮ್ಮ ಶಾಲೆಯಿಂದ ಪಿ.ಇ. ಮೇಷ್ಟ್ರು ಮತ್ತು ನಾನು. ಪಿರಿಯಡ್ ಸಿಗೋದೇ ಕಷ್ಟ ಬಿಡಿ. ಜನವರಿ ಬಂತು ಅಂದ್ರೆ ಹತ್ತನೇ ಕ್ಲಾಸನ್ನು ಯಾರೂ ಬಿಟ್ಟುಕೊಡಲ್ಲ.

ಮೊದಲ ಪಾಠ ಪೂರ್ತಿ ಕೆಟ್ಟಿತು. ಬೋರ್ಡ್ ಮೇಲೆ 'ಖಿನ್ನತೆ' ಅಂತ ಬರೆದು ಲಕ್ಷಣ ಬರೆಸಿದೆ. ರಕ್ತಹೀನತೆಯ ಲಕ್ಷಣ ಬರೆದುಕೊಂಡ ಹಾಗೇ ಬರೆದುಕೊಂಡರು. ಹಿಂದಿನ ಬೆಂಚಿನವನು ಪಕ್ಕದವನಿಗೆ "ನಿನ್ನ ನಿಮ್ಹಾನ್ಸ್‌ಗೆ ಸೇರಿಸ್ಬೇಕು ಕಣೋ" ಅಂದ. ಕ್ಲಾಸೆಲ್ಲ ನಗು. ನಮ್ಮ ಕಡೆ ಆ ಆಸ್ಪತ್ರೆ ಹೆಸರೇ ಒಂದು ಬೈಗುಳ.

ಮುಂದಿನ ವಾರ ಆ ಪದ ಬಿಟ್ಟೆ. ಮಕ್ಕಳು ದಿನಕ್ಕೆ ಹತ್ತು ಸಲ ಹೇಳುವ 'ಬೇಜಾರು' ಬರೆದೆ. ಯಾವ್ಯಾವಾಗ ಬೇಜಾರು ಅಂತೀರಿ, ಹೇಳಿ ಅಂದೆ. ಕರೆಂಟ್ ಹೋದಾಗ. ಗಣಿತ ಪಿರಿಯಡ್‌ನಲ್ಲಿ. ಗೆಳತಿ ಬೇರೆಯವಳ ಜೊತೆ ಕೂತಾಗ. ಅಜ್ಜಿ ಸತ್ತಾಗ. ಅಪ್ಪ ಕುಡಿದು ಬಂದಾಗ. ಬೋರ್ಡ್ ತುಂಬಿತು. ಇವೆಲ್ಲ ಒಂದೇನಾ ಅಂದೆ. ಒಬ್ಬಳು ಎದ್ದು, "ಇಲ್ಲ ಮಿಸ್, ಕರೆಂಟ್‌ದು ಬಂದ್ರೆ ಹೋಗುತ್ತೆ. ಅಪ್ಪಂದು ಸಂಜೆ ಆಗ್ತಿದ್ದಂಗೇ ಶುರುವಾಗುತ್ತೆ, ಹೊಟ್ಟೆಯಲ್ಲಿ" ಅಂದಳು. ಈ ಸಲ ಯಾರೂ ನಗಲಿಲ್ಲ. ಹೊಟ್ಟೆ ಅಂದಿದ್ದು ನನಗೆ ಅನುಕೂಲವೇ ಆಯಿತು. ಹೆದರಿದಾಗ ಮೈಯಲ್ಲಿ ಏರುವ ಅಡ್ರಿನಲಿನ್ ಹಾರ್ಮೋನ್ ಹೇಗೂ ಹತ್ತನೇ ಕ್ಲಾಸಿನ ಪಾಠದಲ್ಲಿದೆ. ಎದೆ ಯಾಕೆ ಡವಡವ ಅನ್ನುತ್ತೆ, ಪರೀಕ್ಷೆ ದಿನ ತಿಂಡಿ ಯಾಕೆ ಸೇರಲ್ಲ, ಅಲ್ಲಿಂದಲೇ ಶುರು ಮಾಡಿದೆ.

ಆಮೇಲೆ ಚಾಕ್‌ಪೀಸ್ ಡಬ್ಬಿಗೆ ತೂತು ಮಾಡಿ, ಪ್ರಶ್ನೆ ಇದ್ದರೆ ಬರೆದು ಚೀಟಿ ಹಾಕಿ ಅಂದೆ. ಎರಡು ವಾರ ಖಾಲಿ. ಬರೆಯುವವರನ್ನು ಮಿಕ್ಕವರು ನೋಡುತ್ತಿದ್ದರಲ್ಲ! ಆಮೇಲೆ ಎಲ್ಲರೂ ಬರೆಯಲೇಬೇಕು, ಪ್ರಶ್ನೆ ಇಲ್ಲದವರು ಬಿಸಿಯೂಟದ ಬಗ್ಗೆ ಬರೆಯಿರಿ ಅಂತ ಮಾಡಿದೆ. ಸಾರು ನೀರಾಗಿದೆ ಅನ್ನೋ ಚೀಟಿಗಳೇ ಜಾಸ್ತಿ. ಅವುಗಳ ಮಧ್ಯೆ ನಿಜವಾದವೂ ಬಂದವು.

ನನ್ನ ದೊಡ್ಡ ತಪ್ಪು ಬೇರೆಯೇ. ಒಂಬತ್ತನೇ ಕ್ಲಾಸಿನ ಹುಡುಗಿ ಬೆಲ್ ಆದ ಮೇಲೆ ಬಂದು, "ಯಾರಿಗೂ ಹೇಳಲ್ಲ ಅಂತ ಮಾತು ಕೊಡಿ ಮಿಸ್" ಅಂದಳು. ಸುಮ್ನೆ ಕೊಟ್ಟುಬಿಟ್ಟೆ. ಬದುಕಿರೋದೇ ಬೇಡ ಅನ್ನಿಸುತ್ತೆ ಅಂದಳು. ಇಂಥ ಮಾತನ್ನು ನನ್ನೊಳಗೇ ಇಟ್ಟುಕೊಳ್ಳೋಕಾಗುತ್ತಾ? ಅವತ್ತೇ ಅವಳನ್ನು ಕೂರಿಸಿಕೊಂಡು, ಮಾತು ಮುರೀತಿದ್ದೀನಿ ಕಣೇ, ಮನೇಲಿ ಯಾರಿಗೆ ಹೇಳಲಿ ಅಂತ ಕೇಳಿದೆ. ತುಂಬಾ ಹೊತ್ತು ಅತ್ತು, ಚಿಕ್ಕಮ್ಮ ಅಂದಳು. ಚಿಕ್ಕಮ್ಮ ಬರುವವರೆಗೂ ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ. ಮನಸ್ಸಿನ ಆರೋಗ್ಯಕ್ಕೆ ಸರ್ಕಾರದ್ದೇ ಸಹಾಯವಾಣಿ ಇದೆ, ಟೆಲಿ ಮಾನಸ್. ಅದರ 14416ಕ್ಕೆ ಅಲ್ಲಿಂದಲೇ ಫೋನ್ ಮಾಡಿದೆವು. ದಿನದ 24 ಗಂಟೆಯೂ ಸಿಗುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆಮೇಲೆ ಮನೋವೈದ್ಯರು ಬರುವ ದಿನ ನೋಡಿಕೊಂಡು ತಾಲ್ಲೂಕು ಆಸ್ಪತ್ರೆಗೆ ಹೋದರು. ಮನೆಯಲ್ಲಿ ಮಿಕ್ಕವರಿಗೆ ತಲೆನೋವಿಗೆ ಅಂತ ಹೇಳಿದ್ದರಂತೆ. ಇರಲಿ ಬಿಡಿ, ಹೋದರಲ್ಲ.

ಅವಳು ನನ್ನ ಜೊತೆ ತಿಂಗಳುಗಟ್ಟಲೆ ಮಾತಾಡಲಿಲ್ಲ. ಈಗ ಪ್ರತಿ ಜೂನ್‌ನಲ್ಲಿ ಡಬ್ಬಿ ಇಡುವ ಮೊದಲೇ ಹೇಳಿಬಿಡ್ತೀನಿ: ನಿಮ್ಮ ಗುಟ್ಟು ಗುಟ್ಟಾಗೇ ಇರುತ್ತೆ. ಜೀವಕ್ಕೆ ಅಪಾಯ ಅನ್ನಿಸಿದರೆ, ನಿಮಗೆ ಯಾರಾದರೂ ಹೊಡೆಯುತ್ತಿದ್ದರೆ, ಮುಟ್ಟಬಾರದ ಕಡೆ ಮುಟ್ಟುತ್ತಿದ್ದರೆ ಮಾತ್ರ ಹೇಳಲೇಬೇಕಾಗುತ್ತೆ. ನಿಮಗೆ ತಿಳಿಸದೆ ಹೇಳಲ್ಲ. ಹೋದ ವರ್ಷ ಒಬ್ಬ ಕೈ ಎತ್ತಿ, "ಹಂಗಾದ್ರೆ ಚೀಟಿಗೆ ಹೆಸರು ಹಾಕ್ಬಹುದಾ ಮಿಸ್?" ಅಂದ.