ಸಮುದ್ರ ಕಾಣುವ ಮನೆ: ಸಹಿ ಹಾಕುವ ಮುಂಚೆ ಏನೇನು ನೋಡಬೇಕು?

ರಜೆಗೆ ಹೋದ ಪರದೇಶದ ಕಡಲತೀರದ ಊರು ತುಂಬಾ ಹಿಡಿಸಿತು. ಸಂಜೆ ತಿರುಗಾಡುವಾಗ ಬ್ರೋಕರ್ ಆಫೀಸಿನ ಗಾಜಿಗೆ ಅಂಟಿಸಿದ ಫೋಟೊಗಳು ಕಂಡವು. ನೀಲಿ ನೀರು, ಬಿಳಿ ಬಾಲ್ಕನಿ, ಕೆಳಗೆ ಬೆಲೆ. ರಿಟೈರ್ ಆದ ಮೇಲೆ ಇಲ್ಲೇ ಇದ್ದುಬಿಟ್ಟರೆ ಹೇಗೆ ಅಂತ ಮಾತು ಶುರುವಾಗುತ್ತದೆ. ನಾಲ್ಕನೇ ದಿನಕ್ಕೆ ಅಡ್ವಾನ್ಸ್ ಕೊಟ್ಟು ವಿಮಾನ ಹತ್ತುವವರೂ ಇದ್ದಾರೆ.

ಪರದೇಶದಲ್ಲಿ ಮನೆ ಕೊಂಡು ಕೈಸುಟ್ಟುಕೊಂಡವರ ಕತೆ ಕೇಳಿ ನೋಡಿ. ಗೋಡೆ ಬಿರುಕು ಬಿಟ್ಟ ಕತೆಗಿಂತ ಕಾಗದ ಸರಿಯಿಲ್ಲದ ಕತೆಯೇ ಜಾಸ್ತಿ. ಹಾಗಾಗಿ ಇಲ್ಲಿ ಸಮುದ್ರದ ಮಾತು ಕಮ್ಮಿ, ಕಾಗದದ ಮಾತೇ ಹೆಚ್ಚು.

1. ಅಲ್ಲಿ ನಿಮಗೆ ಏನು ಕೊಳ್ಳಲು ಬಿಡುತ್ತಾರೆ?

ಮನೆ ಹುಡುಕುವ ಮೊದಲೇ ಇದನ್ನು ತಿಳಿದುಕೊಳ್ಳಿ. ಮೆಕ್ಸಿಕೊದಲ್ಲಿ ಕರಾವಳಿಯಿಂದ 50 ಕಿಲೋಮೀಟರ್ ಒಳಗೆ ವಿದೇಶಿಯರು ವಾಸದ ಮನೆಯನ್ನು ನೇರವಾಗಿ ತಮ್ಮ ಹೆಸರಿಗೆ ಬರೆಸಿಕೊಳ್ಳುವಂತಿಲ್ಲ. ಈ ನಿಷೇಧ ಅಲ್ಲಿನ ಸಂವಿಧಾನದಲ್ಲೇ ಇದೆ. ಅದಕ್ಕೆ ಬ್ಯಾಂಕೊಂದು ಟ್ರಸ್ಟ್ ಮಾಡಿ ಆಸ್ತಿಯನ್ನು ತನ್ನ ಹೆಸರಿನಲ್ಲಿ ಇಟ್ಟುಕೊಳ್ಳುತ್ತದೆ. ವಾಸ, ಬಾಡಿಗೆ, ಮಾರಾಟದ ಹಕ್ಕೆಲ್ಲ ನಿಮ್ಮದು. ಇದನ್ನು ಫಿದೆಯಿಕೊಮಿಸೊ ಅನ್ನುತ್ತಾರೆ. ಅವಧಿ 50 ವರ್ಷ, ಆಮೇಲೆ ನವೀಕರಿಸಬಹುದು. ಬ್ಯಾಂಕಿಗೆ ಪ್ರತಿ ವರ್ಷ ಶುಲ್ಕ ಕಟ್ಟುತ್ತಿರಬೇಕು. ಅಲ್ಲೇ 'ಎಹಿದೊ' ಎಂಬ ಸಮುದಾಯದ ಜಮೀನೂ ಇದೆ. ಅಗ್ಗಕ್ಕೆ ಸಿಗುತ್ತದೆ ಅಂತ ಯಾರಾದರೂ ಅದನ್ನು ತೋರಿಸಿದರೆ ಸುಮ್ನೆ ಎದ್ದು ಬನ್ನಿ.

ಥಾಯ್ಲೆಂಡಿನ ಲೆಕ್ಕ ಬೇರೆ. ನೆಲ ವಿದೇಶಿಯರಿಗೆ ಸಿಗುವುದಿಲ್ಲ, ಆದರೆ ಕಾಂಡೊಮಿನಿಯಂ ಫ್ಲ್ಯಾಟ್ ಕೊಳ್ಳಬಹುದು. ಒಂದು ಕಟ್ಟಡದ ಒಟ್ಟು ಫ್ಲ್ಯಾಟ್ ವಿಸ್ತೀರ್ಣದಲ್ಲಿ ವಿದೇಶಿಯರ ಪಾಲು 49 ಶೇಕಡಾ ದಾಟುವಂತಿಲ್ಲ. ನಿಮಗೆ ಹಿಡಿಸಿದ ಕಟ್ಟಡದಲ್ಲಿ ಆ ಕೋಟಾ ಆಗಲೇ ತುಂಬಿರಬಹುದು, ಮೊದಲು ಅದನ್ನೇ ಕೇಳಿ. ಹಣವೂ ಹೊರದೇಶದಿಂದ ವಿದೇಶಿ ಕರೆನ್ಸಿಯಲ್ಲೇ ಬಂದಿದೆ ಅಂತ ಬ್ಯಾಂಕಿನ ಪತ್ರ ಬೇಕು. ವಿಲ್ಲಾ ಬೇಕೆಂದರೆ ಸಿಗುವುದು 30 ವರ್ಷದ ಲೀಸ್. 'ಸ್ಥಳೀಯರೊಬ್ಬರ ಹೆಸರಲ್ಲಿ ಮಾಡಿಸೋಣ, ಎಲ್ಲರೂ ಹಾಗೇ ಮಾಡ್ತಾರೆ' ಎನ್ನುವ ಸಲಹೆ ಬಂದೇ ಬರುತ್ತದೆ. ಒಪ್ಪಬೇಡಿ. ಅದು ಕಾನೂನುಬಾಹಿರ. ಜಗಳವಾದ ದಿನ ಮನೆ ಹೆಸರಿದ್ದವರದ್ದೇ.

2. ಮನೆ ಇದ್ದರೆ ವೀಸಾ ಸಿಕ್ಕಂತಲ್ಲ

ಮನೆ ನಿಮ್ಮದಾದ ಮಾತ್ರಕ್ಕೆ ಅದರಲ್ಲಿ ವರ್ಷಪೂರ್ತಿ ಇರಬಹುದು ಅಂತೇನೂ ಇಲ್ಲ. ಯುರೋಪಿನ ಷೆಂಗೆನ್ ದೇಶಗಳಲ್ಲಿ ಹೊರಗಿನ ಪ್ರವಾಸಿ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಅರ್ಧ ಮಿಲಿಯನ್ ಯೂರೋ ಆಸ್ತಿ ಕೊಂಡವರಿಗೆ ಸ್ಪೇನ್ ಕೊಡುತ್ತಿದ್ದ ವಾಸದ ಪರವಾನಗಿ, ಅಂದರೆ ಗೋಲ್ಡನ್ ವೀಸಾ, 2025ರ ಏಪ್ರಿಲ್ 3ಕ್ಕೆ ನಿಂತಿತು. ಪೋರ್ಚುಗಲ್ 2023ರಲ್ಲೇ ತನ್ನ ಯೋಜನೆಯಿಂದ ಮನೆ ಖರೀದಿಯನ್ನು ಕೈಬಿಟ್ಟಿತ್ತು. ಬ್ರೋಕರ್ ಕೊಡುವ ಕರಪತ್ರದಲ್ಲಿ ಇವು ಇನ್ನೂ ಇದ್ದರೆ ಕರಪತ್ರ ಹಳೆಯದು. ನಿವೃತ್ತಿಯ ವಾಸಕ್ಕೆ ಬೇರೆ ವೀಸಾ ಬೇಕು. ಅದಕ್ಕೆ ಆದಾಯದ ದಾಖಲೆ, ಆರೋಗ್ಯ ವಿಮೆ ಎಲ್ಲ ಕೇಳುತ್ತಾರೆ.

3. ಸೀಸನ್ ಮುಗಿದ ಮೇಲೆ ಹೋಗಿ ಬಾಡಿಗೆಗಿರಿ

ನನ್ನ ಕೇಳಿದರೆ ಎಲ್ಲಕ್ಕಿಂತ ಒಳ್ಳೆಯ ಖರ್ಚು ಇದೇ. ಆಗಸ್ಟಿನಲ್ಲಿ ಗಿಜಿಗುಡುವ ಮೆಡಿಟರೇನಿಯನ್ ಕಡಲೂರನ್ನು ಜನವರಿಯಲ್ಲಿ ನೋಡಿ. ಹೋಟೆಲ್‌ಗಳ ಷಟರ್ ಕೆಳಗೆ, ಬಸ್ಸು ಕಮ್ಮಿ. ಔಷಧಿ ಅಂಗಡಿ ತೆರೆದಿದೆಯಾ? ಆಸ್ಪತ್ರೆಗೆ ಎಷ್ಟು ದೂರ? ಗುಡ್ಡದ ಮೇಲಿನ ಮನೆಗೆ ತರಕಾರಿ ಚೀಲ ಹಿಡಿದು ಒಮ್ಮೆ ಹತ್ತಿ ನೋಡಿ. ಐವತ್ತೈದರಲ್ಲಿ ಹತ್ತಿದ್ದನ್ನು ಎಪ್ಪತ್ತೈದರಲ್ಲೂ ಹತ್ತಬೇಕಲ್ವಾ?

ಮನೆಯೊಳಗೆ ಹೋದಾಗ ನೋಟ ನೋಡುತ್ತಾ ನಿಲ್ಲಬೇಡಿ. ಬಾಲ್ಕನಿ ಕಂಬಿಯ ಬುಡ ನೋಡಿ. ಉಪ್ಪು ಗಾಳಿ ಮೊದಲು ತಿನ್ನುವುದು ಅದನ್ನೇ. ಬಣ್ಣ ಉಬ್ಬಿದ್ದರೆ ಉಗುರಿನಿಂದ ಕೆರೆಯಿರಿ, ಕೆಂಪು ಪುಡಿ ಉದುರಿತೆಂದರೆ ಒಳಗೆ ತುಕ್ಕು. ಬಾಲ್ಕನಿಯ ಅಡಿಯಲ್ಲಿ ಸಿಮೆಂಟ್ ಚಕ್ಕೆ ಎದ್ದು ಕಬ್ಬಿಣ ಕಾಣುತ್ತಿದ್ದರೆ ದೊಡ್ಡ ಖರ್ಚು ಕಾದಿದೆ. ಬೀರು ತೆರೆದು ಮೂಸಿ. ಮುಚ್ಚಿಟ್ಟ ಮನೆಯ ತೇವ ಅಲ್ಲಿ ಗೊತ್ತಾಗುತ್ತದೆ.

4. ವಕೀಲರು ನಿಮ್ಮವರೇ ಆಗಿರಲಿ

ಬ್ರೋಕರ್ 'ನಮ್ಮ ಹತ್ತಿರ ಒಳ್ಳೆ ವಕೀಲರಿದ್ದಾರೆ' ಅಂದರೆ ನಗುತ್ತಾ ಬೇಡ ಅನ್ನಿ. ಬಿಲ್ಡರ್‌ಗೂ ಬ್ರೋಕರ್‌ಗೂ ಸಂಬಂಧವಿಲ್ಲದ, ನಿಮಗೆ ತಿಳಿಯುವ ಭಾಷೆ ಬರುವ ವಕೀಲರನ್ನು ನೀವೇ ಹುಡುಕಿ. ಸ್ಪೇನಿನಂಥ ದೇಶಗಳಲ್ಲಿ ನೋಟರಿ ಎದುರಿಗೇ ಕ್ರಯಪತ್ರಕ್ಕೆ ಸಹಿ ಆಗುತ್ತದೆ. ಅದನ್ನು ನೋಡಿ ಎಲ್ಲವೂ ಸರಿಯಿದೆ ಅಂತ ಹಲವರು ನಿರಾಳರಾಗುತ್ತಾರೆ. ನೋಟರಿ ಯಾರ ಪಕ್ಷದವರೂ ಅಲ್ಲ. ನಿಮ್ಮ ಪರವಾಗಿ ಮನೆಯ ಜಾತಕ ಕೆದಕುವುದು ಅವರ ಕೆಲಸವಲ್ಲ.

ಆ ಜಾತಕ ಸ್ಪೇನಿನಲ್ಲಿ ಒಂದೆರಡು ಹಾಳೆಯಷ್ಟೇ. ಹೆಸರು ನೋಟಾ ಸಿಂಪ್ಲೆ. ಆಸ್ತಿ ನೋಂದಣಿ ಕಚೇರಿಯಿಂದ ಕೆಲವೇ ಯೂರೋಗೆ ಸಿಗುತ್ತದೆ. ಮೊದಲ ಭಾಗದಲ್ಲಿ ಮನೆಯ ವಿವರಣೆ. ಅದನ್ನು ಕೈಯಲ್ಲಿ ಹಿಡಿದು ಮನೆ ಸುತ್ತಿ. ಕಾಗದದಲ್ಲಿ ಎರಡು ಕೋಣೆ, ಎದುರಿಗೆ ಮೂರು ಕೋಣೆ ಮತ್ತು ಈಜುಕೊಳ! ಹಾಗಿದ್ದರೆ ಉಳಿದದ್ದು ಪರವಾನಗಿ ಇಲ್ಲದೆ ಕಟ್ಟಿದ್ದೇ ಅಂತ ಕೇಳಬೇಕು. ಎರಡನೆಯದು ಮಾಲೀಕರು ಯಾರು, ಯಾರದ್ದು ಎಷ್ಟು ಪಾಲು. ಅಣ್ಣತಮ್ಮಂದಿರು ನಾಲ್ವರಿದ್ದು ಒಬ್ಬರೇ ಮಾರಲು ಬಂದಿದ್ದರೆ ಅಲ್ಲೇ ನಿಲ್ಲಿ. ಕೊನೆಯದು 'ಕಾರ್ಗಾಸ್', ಅಂದರೆ ಋಣಭಾರ. ಅಡಮಾನ, ಕೋರ್ಟ್ ಜಪ್ತಿ ಎಲ್ಲ ಇಲ್ಲಿ ಬರುತ್ತದೆ.

ಅಪಾರ್ಟ್‌ಮೆಂಟಿನ ಮೆಂಟೆನೆನ್ಸ್ ಬಾಕಿಯ ಬಗ್ಗೆ ಬೇರೆಯಾಗಿ ಕೇಳಿ. ಹಿಂದಿನವರು ಉಳಿಸಿಹೋದ ಬಾಕಿಗೆ, ಆ ವರ್ಷದ್ದೂ ಅದರ ಹಿಂದಿನ ಮೂರು ವರ್ಷಗಳದ್ದೂ ಸೇರಿ, ಸ್ಪೇನಿನಲ್ಲಿ ಮನೆಯೇ ಜವಾಬ್ದಾರಿ, ಅಂದರೆ ಅದು ಕೊಂಡವರ ತಲೆಗೇ ಬರುತ್ತದೆ. ಬಾಕಿ ಇಲ್ಲ ಎಂಬ ಪತ್ರವನ್ನು ಅಸೋಸಿಯೇಷನ್‌ನಿಂದ ಬರೆಸಿಕೊಳ್ಳಿ.

ನಗರಸಭೆಯ ಪರವಾನಗಿ ಇದ್ದ ಮಾತ್ರಕ್ಕೂ ನಿಶ್ಚಿಂತೆಯಿಲ್ಲ. 2008ರ ಜನವರಿಯಲ್ಲಿ ಸ್ಪೇನಿನ ಆಲ್ಮೆರಿಯಾ ಪ್ರಾಂತ್ಯದ ವೇರಾದಲ್ಲಿ ನಿವೃತ್ತ ಬ್ರಿಟಿಷ್ ದಂಪತಿಯ ಮನೆಯನ್ನು ಕೆಡವಿದರು. ಊರಿನ ಆಡಳಿತ ಪರವಾನಗಿ ಕೊಟ್ಟಿತ್ತು, ಪ್ರಾದೇಶಿಕ ಸರ್ಕಾರ ಅದನ್ನು ರದ್ದು ಮಾಡಿಸಿತು. ನೀರಿಗೆ ತೀರಾ ಹತ್ತಿರದ ಮನೆಗೆ ಇನ್ನೊಂದು ಕಟ್ಟು ಇದೆ. 1988ರ ಸ್ಪೇನ್ ಕರಾವಳಿ ಕಾಯ್ದೆ ಪ್ರಕಾರ ತೀರದ ಪಟ್ಟಿ ಸರ್ಕಾರದ್ದು. ಗುರುತಿನ ಗೆರೆಯ ಒಳಗೆ ಬಿದ್ದ ಮನೆಗೆ ಉಳಿಯುವುದು ಒಂದಷ್ಟು ವರ್ಷಗಳ ಬಳಕೆಯ ಹಕ್ಕು ಮಾತ್ರ.

ಉತ್ತರ ಸೈಪ್ರಸ್ಸಿನ ಮನೆಗಳು ಅಗ್ಗ ಯಾಕೆ ಅಂತ ಕೆಲವರಿಗೆ ಆಶ್ಚರ್ಯ. 1974ರಲ್ಲಿ ಟರ್ಕಿಯ ಸೇನೆ ಬಂದಾಗ ಊರು ಬಿಟ್ಟು ಹೋಗಬೇಕಾದ ಗ್ರೀಕ್ ಸೈಪ್ರಿಯಟ್ಟರ ಜಮೀನು ಅಲ್ಲಿ ಬಹಳಷ್ಟಿದೆ. ಮೂಲ ಮಾಲೀಕರು ಸೈಪ್ರಸ್ ಕೋರ್ಟಿನಲ್ಲಿ ಪಡೆದ ತೀರ್ಪನ್ನು ಒಕ್ಕೂಟದ ಬೇರೆ ದೇಶಗಳೂ ಜಾರಿ ಮಾಡಬೇಕು ಅಂತ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2009ರಲ್ಲಿ ಹೇಳಿತು. ಅಂದರೆ ಕೊಂಡವರ ಸ್ವಂತ ದೇಶದ ಆಸ್ತಿಗೂ ಕೈ ಬರಬಹುದು.

5. ದುಡ್ಡು: ಬೆಲೆ ಒಂದು, ಖರ್ಚು ಇನ್ನೊಂದು

ಸ್ಪೇನಿನಲ್ಲಿ ಹೊಸ ಮನೆಗೆ ಸಾಮಾನ್ಯವಾಗಿ 10 ಶೇಕಡಾ ವ್ಯಾಟ್, ಅದರ ಮೇಲೆ ಸ್ಟ್ಯಾಂಪ್ ತೆರಿಗೆ. ಹಳೆ ಮನೆಗೆ ವರ್ಗಾವಣೆ ತೆರಿಗೆ, ಅದು ಪ್ರದೇಶದಿಂದ ಪ್ರದೇಶಕ್ಕೆ ಬೇರೆ. ನೋಟರಿ, ನೋಂದಣಿ, ವಕೀಲರ ಫೀ ಎಲ್ಲ ಸೇರಿಸಿ ಬೆಲೆಯ ಮೇಲೆ 10ರಿಂದ 15 ಶೇಕಡಾ ಎತ್ತಿಡುವುದು ಕ್ಷೇಮ. ಮನೆಯನ್ನು ಬಾಡಿಗೆಗೆ ಕೊಡದೆ ಬೀಗ ಹಾಕಿಟ್ಟರೂ ಅಲ್ಲಿ ವಾಸಿಸದ ಮಾಲೀಕರು ವರ್ಷಕ್ಕೊಮ್ಮೆ ಊಹೆಯ ಬಾಡಿಗೆಯ ಮೇಲೆ ತೆರಿಗೆ ಕಟ್ಟಬೇಕು. ಇದನ್ನು ಕೇಳಿ ಬೆಚ್ಚಿಬೀಳುವವರೇ ಹೆಚ್ಚು.

ಅಡ್ವಾನ್ಸ್ ಕರಾರಿಗೆ ಅಲ್ಲಿ 'ಆರ್ರಾಸ್' ಅನ್ನುತ್ತಾರೆ, ಸಾಮಾನ್ಯವಾಗಿ ಬೆಲೆಯ 10 ಶೇಕಡಾ. ಹೆಚ್ಚಾಗಿ ಬಳಸುವ ಬಗೆಯಲ್ಲಿ ನೀವು ಹಿಂದೆ ಸರಿದರೆ ಅದು ಹೋಯಿತು. ಮಾರುವವರು ಸರಿದರೆ ಎರಡರಷ್ಟು ವಾಪಸ್. ಕಾಗದ ಪರಿಶೀಲನೆ ಮುಗಿಯುವ ಮುನ್ನ ಇದಕ್ಕೆ ಸಹಿ ಬೇಡ.

ಹಣ ಕಳಿಸುವ ಹೊತ್ತಿಗೆ 'ನಮ್ಮ ಖಾತೆ ಬದಲಾಗಿದೆ' ಅಂತ ವಕೀಲರ ಹೆಸರಲ್ಲೇ ಇಮೇಲ್ ಬಂದರೆ ಅದು ಕಳ್ಳರದ್ದೇ ಅಂತ ತಿಳಿದು ನಡೆಯಿರಿ. ಮೊದಲಿನಿಂದ ನಿಮ್ಮ ಬಳಿ ಇರುವ ನಂಬರಿಗೆ ಫೋನ್ ಮಾಡಿ, ಖಾತೆ ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ಓದಿಸಿ.

6. ಬಾಡಿಗೆ ಆಸೆ, ಉಯಿಲು, ಕೀಲಿ

'ನೀವಿಲ್ಲದಾಗ ಪ್ರವಾಸಿಗರಿಗೆ ಕೊಡಿ, ಸಾಲದ ಕಂತು ಅದರಲ್ಲೇ ಹೋಗುತ್ತೆ' ಎಂಬ ಲೆಕ್ಕವನ್ನು ನಾನು ನಂಬುವುದಿಲ್ಲ. ಬಾರ್ಸಿಲೋನಾ 2028ರ ಹೊತ್ತಿಗೆ ಪ್ರವಾಸಿ ಫ್ಲ್ಯಾಟ್‌ಗಳ ಪರವಾನಗಿಯನ್ನೇ ಮುಗಿಸುವುದಾಗಿ ಹೇಳಿದೆ. 2025ರ ಏಪ್ರಿಲ್‌ನಿಂದ ಸ್ಪೇನಿನ ಅಪಾರ್ಟ್‌ಮೆಂಟುಗಳಲ್ಲಿ ಹೊಸದಾಗಿ ಹೀಗೆ ಬಾಡಿಗೆಗೆ ಕೊಡಲು ಐದರಲ್ಲಿ ಮೂರು ಪಾಲು ಮಾಲೀಕರ ಒಪ್ಪಿಗೆ ಬೇಕು. ಬಾಡಿಗೆ ಬಂದರೆ ಲಾಭ ಅಂದುಕೊಳ್ಳಿ, ಅದನ್ನೇ ನಂಬಿ ಕೊಳ್ಳಬೇಡಿ.

ಉಯಿಲನ್ನು ಖರೀದಿಯ ಜೊತೆಗೇ ಮಾಡಿಸಿ. ಯುರೋಪಿಯನ್ ಒಕ್ಕೂಟದ ಹೆಚ್ಚಿನ ದೇಶಗಳಲ್ಲಿ 2015ರ ಆಗಸ್ಟ್‌ನಿಂದ, ನಿಮ್ಮ ಪೌರತ್ವದ ದೇಶದ ಕಾನೂನೇ ಅನ್ವಯಿಸಲಿ ಅಂತ ಉಯಿಲಿನಲ್ಲಿ ಬರೆಯಬಹುದು. ಬರೆಯದಿದ್ದರೆ ಸಾಮಾನ್ಯವಾಗಿ ನೀವು ಕೊನೆಗೆ ನೆಲೆಸಿದ್ದ ದೇಶದ ಕಾನೂನಿನಂತೆ ಹಂಚಿಕೆ.

ಸಹಿಯ ದಿನ ನೋಟರಿ ಕಚೇರಿಗೆ ಹೋಗುವ ಮುಂಚೆ ಬೆಳಿಗ್ಗೆಯೇ ಮನೆಗೆ ಒಂದು ಸುತ್ತು ಹೋಗಿ ಬನ್ನಿ. ನಲ್ಲಿ ತಿರುಗಿಸಿ, ದೀಪ ಹಾಕಿ, ಮೀಟರಿನ ಫೋಟೊ ತೆಗೆಯಿರಿ. ಅಂದು ತೋರಿಸುವಾಗ ಇದ್ದ ಏಸಿ, ಫ್ರಿಜ್ ಇವತ್ತೂ ಅಲ್ಲೇ ಇವೆಯಾ ನೋಡಿ. ಇಲ್ಲದಿದ್ದರೆ ಅದನ್ನು ಕೇಳಬೇಕಾದದ್ದು ಸಹಿಗೆ ಮುಂಚೆ.