ಒಂದೇ ಎಂಜಿನ್, ಎರಡು ದರ್ಜೆ: ತೋಟಕ್ಕೆ ಪಿಕಪ್ ಆರಿಸಿದ ಬಗೆ

2021ರ ಮೇ ತಿಂಗಳಲ್ಲಿ ಇಸುಜು ಕಂಪನಿಯು ಡಿ-ಮ್ಯಾಕ್ಸ್ ವಿ-ಕ್ರಾಸ್ ಪಿಕಪ್‌ನ ಬಿಎಸ್6 (ಹೊಗೆ ನಿಯಂತ್ರಣದ ನಿಯಮ) ಮಾದರಿಯನ್ನು ಬಿಡುಗಡೆ ಮಾಡಿದಾಗ, ಫೋರ್ ವೀಲ್ ಡ್ರೈವ್ ಬೇಕೆನ್ನುವವರ ಮುಂದೆ ಎರಡು ದರ್ಜೆಗಳಿದ್ದವು. ಮ್ಯಾನುವಲ್ ಗೇರಿನ ಝಡ್‌ಗೆ 20.98 ಲಕ್ಷ ರೂಪಾಯಿ, ಆಟೊಮ್ಯಾಟಿಕ್ ಗೇರಿನ ಝಡ್ ಪ್ರೆಸ್ಟೀಜ್‌ಗೆ 24.49 ಲಕ್ಷ ರೂಪಾಯಿ ಎಕ್ಸ್ ಶೋರೂಂ ಬೆಲೆ. ಮೂಡಿಗೆರೆ ಕಡೆಯ ನಮ್ಮ ಕಾಫಿ ತೋಟಕ್ಕೆ ವಿ-ಕ್ರಾಸ್ ತರುವುದೆಂಬ ತೀರ್ಮಾನ ಮನೆಯಲ್ಲಿ ಬೇಗನೆ ಆಯಿತು; ಎರಡರಲ್ಲಿ ಯಾವುದನ್ನು ತರುವುದೆಂಬುದು ಇತ್ಯರ್ಥವಾಗಲು ಮಳೆಗಾಲವೊಂದು ಹಿಡಿಯಿತು. ಹಾಗೆ ತಡವಾದದ್ದೇ ಒಳ್ಳೆಯದಾಯಿತು, ಏಕೆಂದರೆ ನಮ್ಮ ಕಡೆಯ ರಸ್ತೆಗೆ ಬೇಕಾದ ಗಾಡಿಯನ್ನು ಬೇಸಿಗೆಯಲ್ಲಿ ಪರೀಕ್ಷಿಸಿದರೆ ಏನೂ ತಿಳಿಯುವುದಿಲ್ಲ.

ಹಿಂದಿನ ಎರಡೇ ಚಕ್ರ ಎಳೆಯುವ ಆಟೊಮ್ಯಾಟಿಕ್ ಝಡ್ ಕೂಡ 19.98 ಲಕ್ಷಕ್ಕೆ ಇತ್ತು. ಅದನ್ನು ಮೊದಲಿಗೇ ಬಿಟ್ಟೆವು. ಪಿಕಪ್ ಎಂಬುದು ಖಾಲಿ ಇರುವಾಗ ಮೂತಿ ಭಾರ, ಬೆನ್ನು ಹಗುರವಾದ ಗಾಡಿ. ಎಂಜಿನ್ನಿನ ತೂಕವೆಲ್ಲ ಮುಂದಿನ ಚಕ್ರಗಳ ಮೇಲಿರುತ್ತದೆ, ಎಳೆಯುವ ಕೆಲಸ ಮಾತ್ರ ಹಿಂದಿನವುಗಳ ಪಾಲಿಗೆ ಬರುತ್ತದೆ. ಜುಲೈ ತಿಂಗಳಲ್ಲಿ ಖಾಲಿ ಪಿಕಪ್ ಕೆಮ್ಮಣ್ಣಿನ ಏರು ಹತ್ತದೆ ಹಿಂಬದಿಯನ್ನು ಅತ್ತಿತ್ತ ಹೊರಳಿಸುವುದನ್ನು ನೋಡಿದವರಿಗೆ ಈ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಟೊಯೋಟಾ ಹೈಲಕ್ಸ್ ಮರುವರ್ಷ, 2022ರಲ್ಲಿ, ನಮ್ಮದೇ ಬಿಡದಿಯ ಕಾರ್ಖಾನೆಯಿಂದ ಹೊರಬಂತಾದರೂ ಅದರ ಆರಂಭಿಕ ಬೆಲೆಯೇ 33.99 ಲಕ್ಷವಿದ್ದುದರಿಂದ, ಕಾದಿದ್ದರೂ ನಮಗೆ ಪ್ರಯೋಜನವಾಗುತ್ತಿರಲಿಲ್ಲ.

ಝಡ್ ಮತ್ತು ಪ್ರೆಸ್ಟೀಜ್ ಎರಡರಲ್ಲೂ ಇರುವುದು ಒಂದೇ 1.9 ಲೀಟರ್ ಡೀಸೆಲ್ ಎಂಜಿನ್. 163 ಪಿಎಸ್ ಶಕ್ತಿ, 360 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಹೈಲಕ್ಸ್‌ನಲ್ಲಿ ಮ್ಯಾನುವಲ್‌ಗೆ 420, ಆಟೊಮ್ಯಾಟಿಕ್‌ಗೆ 500 ಎಂದು ಟಾರ್ಕ್ ಬೇರೆಬೇರೆಯಾಗಿದೆ. ಇಲ್ಲಿ ಅಂಥ ತಾರತಮ್ಯವಿಲ್ಲ. ಎರಡಕ್ಕೂ ಆರು ಗೇರು, ಎರಡರಲ್ಲೂ ಟೂ ಹೈ (ಎರಡು ಚಕ್ರದ ಎಳೆತ), ಫೋರ್ ಹೈ (ನಾಲ್ಕು ಚಕ್ರದ ಎಳೆತ), ಫೋರ್ ಲೋ (ನಾಲ್ಕು ಚಕ್ರ, ನಿಧಾನವಾಗಿ ಹೆಚ್ಚು ಬಲದಿಂದ) ಎಂದು ತಿರುಗಿಸುವ ಅದೇ ಗುಂಡಿ, ಅದೇ 255/60 ಆರ್18 ಟೈರು, ಹಿಂದೆ ಅದೇ ಪಟ್ಟಿ ಸ್ಪ್ರಿಂಗು. ಹಿಂದಿನ ಎಡಬಲ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್‌ಗೆ, ಆ ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಬಿಗಿಯುವ ಲಾಕ್ ಎರಡು ದರ್ಜೆಗಳಲ್ಲೂ ಇಲ್ಲ. ಈ ಕೊನೆಯ ಸಂಗತಿಯನ್ನು ಶೋರೂಮಿನಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ. ನನ್ನ ಲೆಕ್ಕಾಚಾರವೆಲ್ಲ ಕಡೆಗೆ ಅದರ ಮೇಲೆಯೇ ನಿಂತಿತು.

ಹಾಗಾದರೆ ಹೆಚ್ಚಿನ ಮೂರೂವರೆ ಲಕ್ಷಕ್ಕೆ ಸಿಗುವುದೇನು ಎಂದು ಒಂದು ಕಾಗದದ ಮೇಲೆ ಬರೆದುಕೊಂಡೆ. ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಎರಡರ ಬದಲು ಆರು ಏರ್‌ಬ್ಯಾಗ್, ಲೆದರ್ ಸೀಟು, ವೇಗವನ್ನು ತಾನೇ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್. ಜೊತೆಗೆ ಗಾಡಿ ಅಡ್ಡ ಜಾರದಂತೆ ಹಿಡಿಯುವ ಸ್ಟೆಬಿಲಿಟಿ ಕಂಟ್ರೋಲ್, ಚಕ್ರ ಸುಮ್ಮನೆ ತಿರುಗದಂತೆ ತಡೆಯುವ ಟ್ರಾಕ್ಷನ್ ಕಂಟ್ರೋಲ್, ಏರಿನಲ್ಲಿ ನಿಂತು ಹೊರಡುವಾಗ ಹಿಂದಕ್ಕೆ ಬಿಡದ ಹಿಲ್ ಸ್ಟಾರ್ಟ್ ಅಸಿಸ್ಟ್, ಇಳಿಜಾರಿನಲ್ಲಿ ತಾನೇ ಬ್ರೇಕ್ ಹಿಡಿಯುವ ಹಿಲ್ ಡಿಸೆಂಟ್ ಕಂಟ್ರೋಲ್. ಅನಂತರ, ಮುಂದೆ ಯಾವಾಗಲಾದರೂ ನಮ್ಮೂರಿನ ಅಂಗಡಿಯಲ್ಲೇ ಹಾಕಿಸಬಹುದಾದ ಪ್ರತಿಯೊಂದನ್ನೂ ಗೆರೆ ಎಳೆದು ಹೊಡೆದುಹಾಕಿದೆ. ಲೆದರ್ ಹೋಯಿತು. ಕ್ರೂಸ್ ಕಂಟ್ರೋಲ್ ಹಾಕಿಸಲಾಗದು ನಿಜ, ಆದರೆ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವವನಿಗೆ ಅದರ ಉಪಯೋಗವೇನು? ಅದನ್ನೂ ಹೊಡೆದೆ. ಕೊನೆಗೆ ಉಳಿದವು ಮೂರು: ಗೇರ್‌ಬಾಕ್ಸ್, ಏರ್‌ಬ್ಯಾಗ್ ಮತ್ತು ಬ್ರೇಕಿನೊಡನೆ ಸೇರಿಕೊಂಡ ಆ ಎಲೆಕ್ಟ್ರಾನಿಕ್ ಸಲಕರಣೆಗಳು. ಕಾರ್ಖಾನೆಯಲ್ಲಿ ಬಾರದಿದ್ದರೆ ಇವು ಮುಂದೆಂದೂ ಬರುವುದಿಲ್ಲ.

ಬೆಲೆಯ ವಿಚಾರದಲ್ಲಿ ಪಟ್ಟಿಯಲ್ಲಿ ಕಾಣದ ಒಂದು ಅಂಶವಿದೆ. ಕರ್ನಾಟಕದಲ್ಲಿ 20 ಲಕ್ಷಕ್ಕೆ ಮೇಲ್ಪಟ್ಟ ಗಾಡಿಗೆ ಜೀವಿತಾವಧಿ ತೆರಿಗೆ ಶೇ 18; ಅದರ ಮೇಲೆ ಸೆಸ್. ಎರಡು ದರ್ಜೆಗಳ ನಡುವಿನ 3.51 ಲಕ್ಷಕ್ಕೆ ಈ ತೆರಿಗೆ ಮತ್ತು ಸೆಸ್ ಸೇರಿ ಸುಮಾರು 70 ಸಾವಿರ ಬೀಳುತ್ತದೆ. ವಿಮೆಯ ಕಂತೂ ಅದಕ್ಕೆ ತಕ್ಕಂತೆ ಏರುತ್ತದೆ. ಆದ್ದರಿಂದ ನಾನು ಯೋಚಿಸಬೇಕಾಗಿದ್ದುದು ಮೂರೂವರೆ ಲಕ್ಷದ ಬಗ್ಗೆ ಅಲ್ಲ, ನಾಲ್ಕೂ ಕಾಲು ಲಕ್ಷದ ಬಗ್ಗೆ. ಅಷ್ಟು ಹಣದಲ್ಲಿ ಝಡ್ ತಂದವನು ಐದು ಆಲ್ ಟೆರೈನ್ ಟೈರು, ಹಿಂಬದಿಗೆ ಮುಚ್ಚಳ, ಸಿಕ್ಕಿಬಿದ್ದ ಗಾಡಿಯನ್ನು ಎಳೆಯುವ ಒಂದು ವಿಂಚು ಎಲ್ಲವನ್ನೂ ಹಾಕಿಸಿ, ಇನ್ನೂ ಹಣ ಉಳಿಸಿಕೊಳ್ಳಬಹುದು. ಈ ವಾದ ಹಗುರವಾದುದಲ್ಲ. ನಮ್ಮ ಕಡೆಯ ತೋಟಗಾರರಲ್ಲಿ ಹೆಚ್ಚಿನವರು ಝಡ್ ಪರವಾಗಿ ಇದನ್ನೇ ಹೇಳುತ್ತಿದ್ದರು, ಮತ್ತು ಜೀಪಿನ ಕಾಲದಿಂದ ಮ್ಯಾನುವಲ್ ಗೇರು, ಲೋ ಗೇರು ಎಂದು ಬೆಳೆದವರಿಗೆ ಆಟೊಮ್ಯಾಟಿಕ್ ಎಂದರೆ ಪೇಟೆಯವರ ಗಾಡಿ ಎಂಬ ಭಾವನೆ ಇನ್ನೂ ಪೂರ್ತಿ ಹೋಗಿಲ್ಲ.

ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಮನೆಯ ಮೇಲ್ಗಡೆ ನಮ್ಮ ತೋಟದ ರಸ್ತೆ ಬಲಕ್ಕೆ ತಿರುಗಿ ಏರುವ ಒಂದು ಜಾಗವಿದೆ. ಅಲ್ಲಿ ಮಳೆನೀರಿನ ಬಸಿಗಾಲುವೆಯೊಂದು ರಸ್ತೆಯನ್ನು ಓರೆಯಾಗಿ ದಾಟುತ್ತದೆ. ಗಾಡಿ ಅದನ್ನು ಹಾಯುವಾಗ ಒಂದು ಹಂತದಲ್ಲಿ ಎಡಗಡೆಯ ಮುಂದಿನ ಚಕ್ರವೂ ಬಲಗಡೆಯ ಹಿಂದಿನ ಚಕ್ರವೂ ಒಟ್ಟಿಗೆ ತಗ್ಗಿಗೆ ಇಳಿದು, ನೆಲಕ್ಕೆ ಸರಿಯಾಗಿ ಊರದೆ ಹೆಚ್ಚುಕಡಿಮೆ ತೂಗಾಡುತ್ತವೆ. ಸಂಬಂಧಿಕರೊಬ್ಬರ ಝಡ್ ಗಾಡಿಯನ್ನು ಕೇಳಿ ತಂದು ಮೊದಲು ಅಲ್ಲಿಗೆ ಹತ್ತಿಸಿದೆ. ಹಿಂದಿನ ದಿನದ ಮಳೆಗೆ ಮಣ್ಣು ಬೆಣ್ಣೆಯಂತಾಗಿತ್ತು. ಫೋರ್ ಹೈನಲ್ಲಿ, ಮೊದಲ ಗೇರಿನಲ್ಲಿ, ನಿಧಾನವಾಗಿ ಹೋದಾಗ ಗಾಡಿ ಅದೇ ಹಂತದಲ್ಲಿ ನಿಂತಿತು. ತೂಗಾಡುವ ಎರಡು ಚಕ್ರಗಳು ಕೆಸರು ಎರಚುತ್ತ ತಿರುಗಿದವು, ನೆಲಕ್ಕೆ ಒತ್ತಿ ನಿಂತಿದ್ದ ಇನ್ನೆರಡು ಅಲುಗಾಡಲಿಲ್ಲ. ಫೋರ್ ವೀಲ್ ಹಾಕಿದಾಗ ಮುಂದಿನ ಆಕ್ಸಲ್ಲಿಗೂ ಹಿಂದಿನ ಆಕ್ಸಲ್ಲಿಗೂ ಗಂಟು ಬೀಳುತ್ತದೆಯೇ ಹೊರತು, ಒಂದೊಂದು ಆಕ್ಸಲ್ಲಿನ ಎಡಬಲಗಳ ನಡುವೆ ಬೀಳುವುದಿಲ್ಲ. ಡಿಫರೆನ್ಷಿಯಲ್ ಎರಡು ಕಡೆಗೂ ಸಮನಾದ ಬಲವನ್ನೇ ಕೊಡುವುದರಿಂದ, ಗಾಳಿಯಲ್ಲಿರುವ ಚಕ್ರ ಸುಲಭವಾಗಿ ತಿರುಗಿದಷ್ಟೂ ನೆಲದ ಮೇಲಿನ ಚಕ್ರಕ್ಕೆ ಸಿಗುವ ಬಲ ಕಡಿಮೆಯಾಗುತ್ತದೆ. ಫೋರ್ ಲೋ ಹಾಕಿದರೂ ಈ ಹಂಚಿಕೆ ಬದಲಾಗದು. ಕೊನೆಗೆ ಹಿಂದಕ್ಕೆ ಬಂದು, ಸ್ವಲ್ಪ ವೇಗ ಕೂಡಿಸಿಕೊಂಡು ದಾಟಿಸಿದೆ. ದಾಟಿತು, ಆದರೆ ತಳಕ್ಕೆ ಕಲ್ಲು ತಾಗಿದ ಸದ್ದು ಕೇಳಿದಾಗ, ಎರವಲು ಗಾಡಿಯಾದ್ದರಿಂದ, ನನ್ನ ಎದೆಯೂ ಒಮ್ಮೆ ಧಸಕ್ಕೆಂದಿತು.

ಪ್ರೆಸ್ಟೀಜ್‌ನ ಡೆಮೊ ಗಾಡಿಯನ್ನು ತೋಟಕ್ಕೆ ತರಿಸಲು ಸಾಕಷ್ಟು ಒತ್ತಾಯ ಮಾಡಬೇಕಾಯಿತು. ಬಂದ ಹುಡುಗ ಬಸಿಗಾಲುವೆಯನ್ನು ನೋಡಿ, "ಸರ್, ಇದು ಡೆಮೊ ಗಾಡಿ ಸರ್, ಕೆಳಗೆ ಏನಾದ್ರೂ ಬಡಿದ್ರೆ ಕೊಡೋರು ನಾನೇ" ಎಂದ. ಹಾಗಾದರೆ ನೀವೇ ನನ್ನ ಪಕ್ಕದಲ್ಲಿ ಕೂತುಕೊಳ್ಳಿ, ನೀವು ನಿಲ್ಲಿಸಿ ಎಂದೊಡನೆ ನಿಲ್ಲಿಸುತ್ತೇನೆ ಎಂದು ಒಪ್ಪಿಸಿದೆ. ಅದೇ ಜಾಗ, ಅದೇ ಫೋರ್ ಹೈ. ತೂಗಾಡುವ ಚಕ್ರಗಳು ಇಲ್ಲೂ ಮೊದಲು ತಿರುಗಿದವು. ಆಕ್ಸಿಲರೇಟರನ್ನು ಬಿಡದೆ, ಹೆಚ್ಚಿಸದೆ ಹಾಗೆಯೇ ಹಿಡಿದಾಗ, ಎಂಜಿನ್ ಕೋಣೆಯ ಕಡೆಯಿಂದ ಟರ್‌ರ್ ಎಂಬ ಸದ್ದು ಕೇಳಿಸಿತು, ಪೆಡಲಿನಲ್ಲೂ ಸಣ್ಣ ನಡುಕ ತಿಳಿಯಿತು, ಮತ್ತು ಗಾಡಿ ಅಡಿ ಅಡಿಯಾಗಿ ಮೇಲಕ್ಕೆ ಸರಿಯಿತು. ಟ್ರಾಕ್ಷನ್ ಕಂಟ್ರೋಲ್ ಮಾಡುವುದಿಷ್ಟೇ: ಸುಮ್ಮನೆ ತಿರುಗುವ ಚಕ್ರಕ್ಕೆ ಮಾತ್ರ ಬ್ರೇಕ್ ಹಿಡಿಯುತ್ತದೆ, ಆ ಚಕ್ರಕ್ಕೆ ತಡೆ ಬಂದೊಡನೆ ಎದುರಿನ ಚಕ್ರಕ್ಕೂ ಅಷ್ಟೇ ಬಲ ಹೋಗುತ್ತದೆ. ಡಿಫ್ ಲಾಕ್‌ಗೆ ಇದು ಸಮವಲ್ಲ, ಆ ಮಾತು ಒಪ್ಪಬೇಕು. ಲಾಕ್ ಇದ್ದಿದ್ದರೆ ಚಕ್ರ ತಿರುಗುವ ಮೊದಲೇ ಕೆಲಸ ಮುಗಿಯುತ್ತಿತ್ತು. ಆದರೆ ಲಾಕ್ ಎರಡು ದರ್ಜೆಗಳಲ್ಲೂ ಇಲ್ಲದಿರುವಾಗ, ಅದರ ಜಾಗದಲ್ಲಿ ಏನಾದರೂ ಇರುವುದಕ್ಕೂ ಏನೂ ಇಲ್ಲದಿರುವುದಕ್ಕೂ ಇರುವ ಅಂತರ ದೊಡ್ಡದು.

ಗೇರಿನ ವಿಷಯದಲ್ಲಿ ನನ್ನ ಅಭಿಪ್ರಾಯ ಇಷ್ಟು ಖಚಿತವಾಗಿರಲಿಲ್ಲ. ಇಳಿಜಾರಿನಲ್ಲಿ ಫೋರ್ ಲೋ ಮತ್ತು ಮೊದಲ ಗೇರು ಹಾಕಿದ ಮ್ಯಾನುವಲ್ ಗಾಡಿ ಎಂಜಿನ್ ಬಲದಿಂದಲೇ ತಡೆದುಕೊಂಡು ಇಳಿಯುವಷ್ಟು ನೆಮ್ಮದಿಯಾಗಿ ಹಿಲ್ ಡಿಸೆಂಟ್ ಕಂಟ್ರೋಲ್ ಇಳಿಸುವುದಿಲ್ಲ ಎಂದೇ ನನಗೆ ಈಗಲೂ ಅನ್ನಿಸುತ್ತದೆ. ಏರಿನಲ್ಲಿ ಮಾತ್ರ ಮಾತು ಬೇರೆ. ನಮ್ಮ ಗಾಡಿಯನ್ನು ನಾನೊಬ್ಬನೇ ಓಡಿಸುವುದಿಲ್ಲ. ತೋಟದ ಲೆಕ್ಕಪತ್ರ ನೋಡುವ ರೈಟರ್ ಓಡಿಸುತ್ತಾರೆ, ಕೆಲಸದ ಭರಾಟೆಯಲ್ಲಿ ಯಾರ ಕೈಗೆ ಕೀಲಿ ಸಿಕ್ಕಿತೋ ಅವರು ಓಡಿಸುತ್ತಾರೆ. ರೋಗಕ್ಕೆ ಬೋರ್ಡೊ ದ್ರಾವಣ ಸಿಂಪಡಿಸುವ ದಿನಗಳಲ್ಲಿ ತುಂಬಿದ 200 ಲೀಟರಿನ ಡ್ರಮ್ ಹಿಂದಿಟ್ಟುಕೊಂಡು ಏರಿನಲ್ಲಿ ಹತ್ತಾರು ಕಡೆ ನಿಲ್ಲಿಸಿ ಹೊರಡಬೇಕಾಗುತ್ತದೆ. ಲೋ ಹಾಕಿದರೆ ಕ್ಲಚ್ಚಿಗೆ ತೊಂದರೆಯಿಲ್ಲ. ಆದರೆ ಲೋ ಹಾಕಲು ಗಾಡಿಯನ್ನು ಪೂರ್ತಿ ನಿಲ್ಲಿಸಿ, ನ್ಯೂಟ್ರಲ್ಲಿಗೆ ತಂದು, ಗುಂಡಿ ತಿರುಗಿಸಿ ಕಾಯಬೇಕು, ಅಷ್ಟು ವ್ಯವಧಾನ ಎಲ್ಲರಿಗೂ ಇರುವುದಿಲ್ಲ. ಹಾಫ್ ಕ್ಲಚ್ಚಿನಲ್ಲೇ ಎಳೆಸುತ್ತಾರೆ, ಕ್ಲಚ್ ಪ್ಲೇಟಿನ ಸುಟ್ಟ ವಾಸನೆ ಕಾಫಿ ಗಿಡಗಳ ನಡುವೆಯೆಲ್ಲ ಹರಡುತ್ತದೆ. ಟಾರ್ಕ್ ಕನ್ವರ್ಟರ್ ಇರುವ ಆಟೊಮ್ಯಾಟಿಕ್‌ನಲ್ಲಿ ಸವೆಯಲು ಅಂಥ ಪ್ಲೇಟೇ ಇಲ್ಲ. ಒಳಗಿನ ಎಣ್ಣೆಯೇ ಬಲವನ್ನು ದಾಟಿಸುತ್ತದೆ, ಬ್ರೇಕ್ ಬಿಟ್ಟರೆ ಗಾಡಿ ಮೆಲ್ಲಗೆ ತಾನಾಗಿ ಹೊರಡುತ್ತದೆ. ನನ್ನೊಬ್ಬನ ಕೈಯಲ್ಲೇ ಇರುವ ಗಾಡಿಯಾಗಿದ್ದರೆ ಮ್ಯಾನುವಲ್ ತರುತ್ತಿದ್ದೆನೋ ಏನೋ.

ಹೊರೆಯ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಎಷ್ಟು ಮೂಟೆ ಹಾಕಬಹುದು ಎಂದು ಕೇಳದವರಿಲ್ಲ. ಖಾಸಗಿ ನೋಂದಣಿಯ ಈ ಐದು ಸೀಟಿನ ಪಿಕಪ್‌ಗಳು ನೋಡಲು ಎಷ್ಟೇ ದೊಡ್ಡವಾಗಿದ್ದರೂ ಕಾಗದದ ಪ್ರಕಾರ ಹೊರಬಹುದಾದ ತೂಕ ಕಡಿಮೆ. ಗಾಡಿಯ ಗರಿಷ್ಠ ಒಟ್ಟು ತೂಕದಲ್ಲಿ ಖಾಲಿ ಗಾಡಿಯ ತೂಕವನ್ನು ಕಳೆದಾಗ ಉಳಿಯುವುದರಲ್ಲಿ ಕೂರುವ ಜನರೂ ಸೇರುತ್ತಾರೆ. ದರ್ಜೆ ಏರಿದಂತೆ ಸೀಟು, ಗೇರ್‌ಬಾಕ್ಸ್ ಎಂದು ಗಾಡಿಯ ಸ್ವಂತ ತೂಕ ಹೆಚ್ಚಿ ಆ ಉಳಿಕೆ ಇನ್ನಷ್ಟು ಇಳಿಯುತ್ತದೆ. ಒಂದು ಟನ್ನಿಗೂ ಮೀರಿ ಹೊರುವ ಬೊಲೆರೊ ಪಿಕಪ್ ಮಾಡುವ ಕೆಲಸವನ್ನು ಇದರಿಂದ ನಿರೀಕ್ಷಿಸಬಾರದು. ನಾವು ಗೊಬ್ಬರಕ್ಕೂ ಕಾಫಿ ಮೂಟೆಗೂ ಬಾಡಿಗೆ ಗೂಡ್ಸ್ ಗಾಡಿಯನ್ನೇ ಕರೆಸುತ್ತೇವೆ. ವಿ-ಕ್ರಾಸ್‌ಗೆ ಜನ, ಪಂಪು, ಪೈಪು, ಹೆಚ್ಚೆಂದರೆ ಆ ಡ್ರಮ್ಮು.

ಕಡೆಗೆ ಪ್ರೆಸ್ಟೀಜ್ ಬಂತು. ಲೆದರ್ ಸೀಟಿನ ಮೇಲೆ ಮೊದಲ ವಾರವೇ ರೆಕ್ಸಿನ್ ಹೊದಿಕೆ ಹಾಕಿಸಿದೆವು. ನೆನೆದ ಬಟ್ಟೆ, ಜಿಗಣೆ, ಕೆಸರು ಮೆತ್ತಿದ ಗಂಬೂಟುಗಳ ನಡುವೆ ಅದನ್ನು ಕಾಪಾಡಲು ಸಾಧ್ಯವಿರಲಿಲ್ಲ, ಹೀಗಾಗಿ ಹಣ ಕೊಟ್ಟು ತಂದ ಲೆದರನ್ನು ನಾವೇ ಸರಿಯಾಗಿ ನೋಡಿಲ್ಲ. ಕಂಪನಿಯಿಂದ ಬಂದ ಟೈರುಗಳು ಡಾಂಬರಿಗೆ ಚೆನ್ನಾಗಿದ್ದರೂ ಅವುಗಳ ಗೆರೆಗಳಲ್ಲಿ ಕೆಮ್ಮಣ್ಣು ತುಂಬಿಕೊಂಡು ಬೇಗ ನುಣುಪಾಗುತ್ತಿದ್ದುದರಿಂದ, ಮುಂದಿನ ಮಳೆಗಾಲಕ್ಕೆ ಮೊದಲೇ ಅದೇ ಅಳತೆಯ ಆಲ್ ಟೆರೈನ್ ಟೈರು ಹಾಕಿಸಿದೆ. ಯಾವ ದರ್ಜೆ ತಂದರೂ ಈ ಖರ್ಚನ್ನು ಲೆಕ್ಕದಲ್ಲಿ ಮೊದಲೇ ಸೇರಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಹಿಡಿತವಿಲ್ಲದ ಟೈರಿನ ಮೇಲೆ ಟ್ರಾಕ್ಷನ್ ಕಂಟ್ರೋಲ್ ಕೂಡ ಬ್ರೇಕ್ ಹಿಡಿದು ಹಿಡಿದು ಸುಸ್ತಾಗುತ್ತದೆ. ತೋಟದೊಳಗೆ ನಿಧಾನವಾಗಿ, ಸ್ವಲ್ಪ ದೂರವಷ್ಟೇ ಓಡುವ ಬಿಎಸ್6 ಡೀಸೆಲ್ ಗಾಡಿಯ ಹೊಗೆ ಸೋಸುವ ಫಿಲ್ಟರಿನಲ್ಲಿ ಮಸಿ ಕಟ್ಟುವ ತಾಪತ್ರಯ ಎರಡು ದರ್ಜೆಗಳಿಗೂ ಒಂದೇ; ಆಗಾಗ ಹಾಸನದವರೆಗೆ ಒಂದೇ ವೇಗದಲ್ಲಿ ಓಡಿಸಿ ಬರುತ್ತೇವೆ.

2023ರಲ್ಲಿ ಬಿಎಸ್6ರ ಎರಡನೇ ಹಂತದ ನಿಯಮಕ್ಕೆ ಗಾಡಿಯನ್ನು ಹೊಂದಿಸಿದಾಗ ಕಂಪನಿ ಸ್ಟೆಬಿಲಿಟಿ ಕಂಟ್ರೋಲ್, ಟ್ರಾಕ್ಷನ್ ಕಂಟ್ರೋಲ್, ಹಿಲ್ ಸ್ಟಾರ್ಟ್ ಮತ್ತು ಹಿಲ್ ಡಿಸೆಂಟ್ ಸೌಲಭ್ಯಗಳನ್ನು ಝಡ್‌ಗೂ ಕೊಟ್ಟಿತು. ಹಾಗಾಗಿ ಆ ಬಳಿಕ ತಯಾರಾದ ಗಾಡಿಗಳ ನಡುವೆ ಆರಿಸುವವರಿಗೆ ನನ್ನ ಲೆಕ್ಕ ಇದ್ದಂತೆಯೇ ಅನ್ವಯಿಸುವುದಿಲ್ಲ. ಬಸಿಗಾಲುವೆಯ ಪರೀಕ್ಷೆಯಲ್ಲಿ ಆ ಝಡ್ ಕೂಡ ತೇರ್ಗಡೆಯಾಗಬೇಕು. ಅವರ ಪಾಲಿಗೆ ಮುಖ್ಯವಾಗಿ ಉಳಿಯುವ ಪ್ರಶ್ನೆ ಗೇರಿನದು. ಅಂದರೆ ಗಾಡಿಯನ್ನು ಯಾರು ಯಾರು ಓಡಿಸುತ್ತಾರೆ ಎಂಬುದು. ಹಳೆಯ ಗಾಡಿ ಕೊಳ್ಳುವವರು ಮಾತ್ರ ತಯಾರಾದ ವರ್ಷವನ್ನು ಆರ್‌ಸಿಯಲ್ಲಿ ನೋಡಿ, ಡ್ಯಾಶ್‌ಬೋರ್ಡಿನಲ್ಲಿ ಇಳಿಜಾರಿನ ಚಿತ್ರವಿರುವ ಗುಂಡಿ ಇದೆಯೇ ಎಂದು ಕಣ್ಣಾರೆ ಕಂಡು, ಅನಂತರ ಬೆಲೆಯ ಮಾತಿಗೆ ಕೂರಬೇಕು. 2021-22ರ ಝಡ್‌ಗೂ ಅನಂತರದ ಝಡ್‌ಗೂ ಒಂದೇ ಬೆಲೆ ಹೇಳುವ ಮಧ್ಯವರ್ತಿಗಳು ನಮ್ಮ ಕಡೆ ಸಾಕಷ್ಟು ಮಂದಿ ಇದ್ದಾರೆ.