ಸೇವೆಗೆಂದು ಹೊರದೇಶಕ್ಕೆ ಹೊರಟವರು ಮೊದಲು ಹೆಸರು ಸರಿಮಾಡಿಕೊಳ್ಳಿ

ಶಾಲೆಯಲ್ಲಿ ಪಾಠ ಹೇಳಲು, ಆಸ್ಪತ್ರೆಯಲ್ಲಿ ದುಡಿಯಲು, ಬೇಸಾಯ ಕಲಿಸಲು ಎಂದು ವರ್ಷದ ಮಟ್ಟಿಗೆ ಹೊರದೇಶಕ್ಕೆ ಹೊರಡುವವರು ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯಿಂದಲೂ ಇದ್ದಾರೆ. ಆಯ್ಕೆಯಾಯಿತು ಎಂದ ಕೂಡಲೇ ಹೆಚ್ಚಿನವರು ಸೂಟ್‌ಕೇಸು ಕೊಳ್ಳಲು ಹೋಗುತ್ತಾರೆ. ಅದು ಕೊನೆಯ ವಾರದ ಕೆಲಸ. ಹೊರಡುವ ದಿನವನ್ನು ಮುಂದಕ್ಕೆ ತಳ್ಳುವುದು ಬಹುಪಾಲು ಕಾಗದಪತ್ರದಲ್ಲಿನ ಹೆಸರಿನ ಗೊಂದಲ. ಕೈಯಲ್ಲಿ ಆರು ತಿಂಗಳಿರುವಾಗಲೇ ಅದಕ್ಕೆ ಕೂರಬೇಕು.

ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪದವಿ ಪ್ರಮಾಣಪತ್ರ, ಆಧಾರ್, ಪ್ಯಾನ್, ಜನನ ಪ್ರಮಾಣಪತ್ರ ಎಲ್ಲವನ್ನೂ ಹರಡಿಕೊಳ್ಳಿ. ಇಂಗ್ಲಿಷಿನಲ್ಲಿ ಹೆಸರು ಹೇಗಿದೆಯೋ ಹಾಗೇ, ಒಂದು ಹಾಳೆಯಲ್ಲಿ ಒಂದರ ಕೆಳಗೊಂದು ಬರೆಯಿರಿ. ಕಣ್ಣಾಡಿಸಿದರೆ ಸಾಲದು, ಅಕ್ಷರ ಅಕ್ಷರ ಹೋಲಿಸಿ. ಲಕ್ಷ್ಮಿಗೆ ಒಂದು ಕಡೆ ಕೆ-ಎಸ್-ಎಚ್, ಇನ್ನೊಂದು ಕಡೆ ಎಕ್ಸ್. ಮಂಜುನಾಥನ ಕೊನೆಗೆ ಒಂದರಲ್ಲಿ ‘ಎ’ ಇದೆ, ಮತ್ತೊಂದರಲ್ಲಿ ಇಲ್ಲ. ಅಂಕಪಟ್ಟಿಯಲ್ಲಿ ಹೆಸರಿನ ಹಿಂದಿರುವ ‘ಎಚ್.ಕೆ.’ ಆಧಾರ್‌ನಲ್ಲಿ ಹೆಸರಿನ ಮುಂದೆ ಬಂದಿದೆ. ಊರಿನಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ವೀಸಾ ಕಚೇರಿಯಲ್ಲಿ ಮಾತ್ರ ಇವರೆಲ್ಲ ಬೇರೆ ಬೇರೆ ಮನುಷ್ಯರು.

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೇ ಮೂಲ ಎಂದಿಟ್ಟುಕೊಳ್ಳಿ. ಅದನ್ನು ತಿದ್ದಿಸಬೇಕೆಂದರೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಬೆಂಗಳೂರಿನ ಮಂಡಳಿಗೆ ಹೋಗಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ. ಉಳಿದವನ್ನು ಅದಕ್ಕೆ ಹೊಂದಿಸುವುದು ಸುಲಭ. ಆದರೆ ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ 2 ಸಲ ಮಾತ್ರ ಅವಕಾಶ. ಸೈಬರ್ ಸೆಂಟರಿನಲ್ಲಿ ‘ಹೆಂಗಿದ್ರೂ ನಡೀತದೆ’ ಎಂದರೆ ಒಪ್ಪಬೇಡಿ. ಸಲ್ಲಿಸುವ ಮೊದಲು ಪರದೆ ನಿಮ್ಮ ಕಡೆ ತಿರುಗಿಸಿಕೊಂಡು ಸ್ವತಃ ಓದಿ.

ಇನ್ನು ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿಯೇ ಬರೆಯಬೇಕು. ಹೊಸಕೊಪ್ಪದ ಕೃಷ್ಣಪ್ಪನವರ ಮಗ ಮಂಜುನಾಥ ಎಚ್.ಕೆ. ಎಂದಿಟ್ಟುಕೊಳ್ಳಿ: ಹೆಸರಿನ ಕಾಲಂನಲ್ಲಿ ‘ಮಂಜುನಾಥ’, ಸರ್‌ನೇಮ್ ಕಾಲಂನಲ್ಲಿ ‘ಹೊಸಕೊಪ್ಪ ಕೃಷ್ಣಪ್ಪ’. ಬಿಡಿಸಿದ ಹೆಸರಿಗೆ ಪುರಾವೆ ಬೇಕಾದರೆ ಪ್ಯಾನ್ ಕಾರ್ಡ್ ನೋಡಿ. ಪ್ಯಾನ್ ಅರ್ಜಿಯಲ್ಲೂ ಇನಿಷಿಯಲ್‌ಗೆ ಅವಕಾಶವಿಲ್ಲದ್ದರಿಂದ ಸಾಮಾನ್ಯವಾಗಿ ಅಲ್ಲಿ ಪೂರ್ಣ ಹೆಸರೇ ಇರುತ್ತದೆ. ‘ನಮ್ಮಲ್ಲಿ ಸರ್‌ನೇಮ್ ಇಟ್ಟುಕೊಳ್ಳುವ ಪದ್ಧತಿಯಿಲ್ಲ’ ಎಂದು ಆ ಕಾಲಂ ಖಾಲಿ ಬಿಡುವುದೇ ಮಲೆನಾಡಿನವರು ಮಾಡುವ ದೊಡ್ಡ ತಪ್ಪು. ಹಾಗೆ ಬಿಟ್ಟವರ ಅಮೆರಿಕ ವೀಸಾದಲ್ಲಿ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’, ಅಂದರೆ ಹೆಸರು ಗೊತ್ತಿಲ್ಲ ಎಂದು ಅಚ್ಚಾಗುತ್ತದೆ. ಯುಎಇ ಕೂಡ 2022ರ ನವೆಂಬರ್‌ನಲ್ಲಿ ಒಂಟಿ ಹೆಸರಿನವರಿಗೆ ಬಿಗಿ ನಿಯಮ ತಂದಿತು. ಆಫ್ರಿಕಾಕ್ಕೆ ಹೋಗುವ ಎಷ್ಟೋ ವಿಮಾನಗಳು ದುಬೈ, ಅಬುಧಾಬಿ ಮೇಲೆಯೇ ಹೋಗುತ್ತವೆ. ಈಗಾಗಲೇ ಇಂಥ ಪಾಸ್‌ಪೋರ್ಟ್ ಇದ್ದರೆ ಮರುವಿತರಣೆಗೆ ಅರ್ಜಿ ಹಾಕಿ. ತತ್ಕಾಲ್‌ನಿಂದ ಸಮಯ ಉಳಿದೀತು, ತಪ್ಪಾದ ಹೆಸರು ಸರಿಯಾಗದು.

ಹೆಸರು ಒಂದಾದ ಮೇಲೆ ಪಾಸ್‌ಪೋರ್ಟ್ ಸರಾಗ. ಶಿವಮೊಗ್ಗದ ಅಂಚೆ ಕಚೇರಿಯಲ್ಲೇ ಸೇವಾ ಕೇಂದ್ರವಿದೆ. ತೊಡಕಾಗುವುದು ಪೊಲೀಸ್ ಪರಿಶೀಲನೆಯಲ್ಲಿ. ಬೆಂಗಳೂರಿನ ಪಿಜಿಯಲ್ಲಿದ್ದುಕೊಂಡು ಊರಿನ ವಿಳಾಸ ಕೊಟ್ಟರೆ ‘ಅರ್ಜಿದಾರ ವಾಸವಿಲ್ಲ’ ಎಂದು ವರದಿ ಹೋಗುತ್ತದೆ. ನೆಟ್‌ವರ್ಕ್ ಸಿಗದ ಮನೆಯಾದರೆ ಪೇಟೆಯಲ್ಲಿರುವ ನೆಂಟರ ನಂಬರನ್ನು ಠಾಣೆಯಲ್ಲಿ ಬರೆಸಿ ಬನ್ನಿ. ಹಿಂತಿರುಗುವ ದಿನದಿಂದ ಮುಂದಕ್ಕೂ 6 ತಿಂಗಳು ಪಾಸ್‌ಪೋರ್ಟಿನ ಅವಧಿ ಉಳಿದಿರಲಿ.

ಪದವಿ ಪ್ರಮಾಣಪತ್ರ ಕೇಳಿದರೆ ಮೊದಲು ರಾಜ್ಯ ಸರ್ಕಾರದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪಾಸ್ಟಿಲ್, ಅಂದರೆ ಹೊರದೇಶದಲ್ಲಿ ನಡೆಯುವ ದೃಢೀಕರಣದ ಮೊಹರು. ಇದನ್ನು ಪರಸ್ಪರ ಒಪ್ಪುವ ದೇಶಗಳ ಹೇಗ್ ಒಪ್ಪಂದಕ್ಕೆ ಭಾರತ ಸೇರಿದ್ದು 2005ರಲ್ಲಿ. ಒಪ್ಪಂದದಲ್ಲಿ ಇಲ್ಲದ ದೇಶಕ್ಕಾದರೆ ಅಪಾಸ್ಟಿಲ್ ಬದಲು ಆ ದೇಶದ ರಾಯಭಾರ ಕಚೇರಿಯ ಮೊಹರು ಬೇಕು. ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತದೆಂದು ಪ್ರಮಾಣಪತ್ರಕ್ಕೆ ಲ್ಯಾಮಿನೇಷನ್ ಮಾಡಿಸುವವರು ನಮ್ಮಲ್ಲಿ ಬಹಳ. ಪ್ಲಾಸ್ಟಿಕ್ಕಿನ ಮೇಲೆ ಮೊಹರು ಕೂರುವುದಿಲ್ಲ, ಬಿಡಿಸಲು ಹೋದರೆ ಕಾಗದವೇ ಕಿತ್ತು ಬರುತ್ತದೆ. ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜತೆ ಇಡಿ, ಸಾಕು.

ವೀಸಾ ವಿಚಾರದಲ್ಲಿ ಒಂದೇ ಮಾತು: ಟೂರಿಸ್ಟ್ ವೀಸಾದಲ್ಲಿ ಹೋಗಿ ಸೇವೆ ಮಾಡಬೇಡಿ. ಸಂಬಳ ಇಲ್ಲದಿದ್ದರೂ ಬಹಳ ದೇಶಗಳಲ್ಲಿ ಅದು ಕೆಲಸವೇ. ಟಾಂಜಾನಿಯಾದಲ್ಲಿ ಸ್ವಯಂಸೇವಕರಿಗೆ ‘ಸಿ’ ವರ್ಗದ ವಾಸದ ಪರವಾನಗಿ ಇದೆ, ಬ್ರಿಟನ್ನಿನಲ್ಲಿ ಧರ್ಮಾರ್ಥ ಸೇವೆಗೆಂದೇ ಪ್ರತ್ಯೇಕ ವೀಸಾ ಇದೆ. ‘ಟೂರಿಸ್ಟ್ ವೀಸಾ ಸಾಕು’ ಎನ್ನುವ ಏಜೆಂಟನ್ನು ಅಲ್ಲಿಗೇ ಬಿಟ್ಟುಬಿಡಿ. ‘ಅರ್ಜಿ ಶುಲ್ಕ’ ಕೇಳುವವರನ್ನೂ ಅಷ್ಟೆ. 1970ರಲ್ಲಿ ಶುರುವಾದ ವಿಶ್ವಸಂಸ್ಥೆಯ ಸ್ವಯಂಸೇವಕ ಕಾರ್ಯಕ್ರಮ ಅರ್ಜಿಗೆ ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವುದಿಲ್ಲ.

ಲಸಿಕೆಗೆ ಲೆಕ್ಕ ಬೇಕು. ಹೆಪಟೈಟಿಸ್ ಬಿ 3 ಡೋಸ್: ಮೊದಲ ದಿನ, 1 ತಿಂಗಳಿಗೆ, 6 ತಿಂಗಳಿಗೆ. ಘಾನಾ, ಉಗಾಂಡಕ್ಕೆ ಹಳದಿ ಜ್ವರದ ಲಸಿಕೆ ಕಡ್ಡಾಯ. ಸರ್ಕಾರ ಗುರುತಿಸಿದ ಕೇಂದ್ರದಲ್ಲಿ ಹಾಕಿಸಿದ್ದಕ್ಕೆ ಮಾತ್ರ ಬೆಲೆ. 10 ದಿನದ ನಂತರ ಪ್ರಮಾಣಪತ್ರ ಜಾರಿಗೆ ಬಂದು ಜೀವನಪೂರ್ತಿ ನಡೆಯುತ್ತದೆ. ಮೊಟ್ಟೆ ಅಲರ್ಜಿ ಇದ್ದವರು ಮೊದಲೇ ಹೇಳಬೇಕು. ಪ್ರಮಾಣಪತ್ರದ ಆ ಹಳದಿ ಪುಸ್ತಕ ಕಳೆದರೆ ವಾಪಸು ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲೇ 6 ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು. ಪಾಸ್‌ಪೋರ್ಟಿನ ಜತೆಗೇ ಇಟ್ಟುಕೊಳ್ಳಿ.

ಮಲೆನಾಡಿನವರು ಮರೆಯುವ ಸಂಗತಿ ಇನ್ನೊಂದಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹೊರಗಿನ ವೈದ್ಯರಿಗೆ ತಟ್ಟನೆ ಹೊಳೆಯುವುದಿಲ್ಲ. ಬೇಸಿಗೆಯಲ್ಲಿ ದರಗು (ಉದುರಿದ ಒಣ ಎಲೆ) ತರಲು ಕಾಡಿಗೆ ಹೋಗಿ, ಈ ಕಾಯಿಲೆ ಹರಡುವ ಉಣುಗು ಕಚ್ಚಿಸಿಕೊಂಡು ವಿಮಾನ ಹತ್ತಿದವರಿಗೆ ವಾರದೊಳಗೆ ಜ್ವರ ಬಂದರೆ ಅಲ್ಲಿ ಮಲೇರಿಯಾ ಎಂದೇ ಹುಡುಕುತ್ತಾರೆ. ಕಾಯಿಲೆಯ ಇಂಗ್ಲಿಷ್ ಹೆಸರನ್ನು (ಕ್ಯಾಸನೂರ್ ಫಾರೆಸ್ಟ್ ಡಿಸೀಸ್) ಚೀಟಿಯಲ್ಲಿ ಬರೆದಿಟ್ಟುಕೊಂಡು ತೋರಿಸಿ. ಹೊರಡುವ ಹಿಂದಿನ ಎರಡು ವಾರ ಕಾಡಿಗೆ ಕಾಲಿಡದಿದ್ದರೆ ಇನ್ನೂ ಒಳ್ಳೆಯದು.

ಮನೆಯ ಕಡೆ: ಜಮೀನು, ಬ್ಯಾಂಕು ನೋಡಿಕೊಳ್ಳುವ ಅಣ್ಣನಿಗೋ ತಂಗಿಗೋ ಅಧಿಕಾರ ಪತ್ರವನ್ನು (ಪವರ್ ಆಫ್ ಅಟಾರ್ನಿ) ಇಲ್ಲಿರುವಾಗಲೇ ಮಾಡಿಸಿ. ಯಾವ ಕೆಲಸಕ್ಕೆ ಎಂದು ಹೆಸರಿಸಿ ಕೊಡುವುದೇ ಕ್ಷೇಮ, ಎಲ್ಲಕ್ಕೂ ಎಂದು ಬರೆಯಬೇಡಿ. ಅಲ್ಲಿಗೆ ಹೋದ ಮೇಲೆ ಮಾಡಿಸಿದರೆ ರಾಯಭಾರ ಕಚೇರಿಗೆ ಅಲೆಯಬೇಕು, ಪತ್ರ ಇಲ್ಲಿಗೆ ಬಂದ 3 ತಿಂಗಳೊಳಗೆ ಮುದ್ರಾಂಕ ಶುಲ್ಕವನ್ನೂ ಕಟ್ಟಬೇಕು. ಬ್ಯಾಂಕಿನ ಒಟಿಪಿ ಬರುವ ಸಿಮ್‌ಗೆ ರೋಮಿಂಗ್ ಹಾಕಿಸಿ. ರೀಚಾರ್ಜ್ ಮಾಡುವ ಹೊಣೆಯನ್ನು ಮನೆಯಲ್ಲಿ ಒಬ್ಬರಿಗೆ ವಹಿಸಿ. 90 ದಿನ ಬಳಸದಿದ್ದರೆ ನಂಬರೇ ಹೋಗಬಹುದು.

ಬಟ್ಟೆಬರೆ ನಿಮಗೆ ಬಿಟ್ಟದ್ದು. ಅಮ್ಮ ಕಟ್ಟಿಕೊಡುವ ಗಂಟನ್ನು ಮಾತ್ರ ಬಿಚ್ಚಿ ನೋಡಿ. ಒಣಕೊಬ್ಬರಿಯಲ್ಲಿ ಎಣ್ಣೆಯಂಶ ಹೆಚ್ಚು, ಬೆಂಕಿ ಹಿಡಿಯುವ ವಸ್ತುವೆಂದು ವಿಮಾನದಲ್ಲಿ ಬಿಡುವುದಿಲ್ಲ. ಗಸಗಸೆ ಒಂದು ಚಮಚವೂ ಬೇಡ: ಯುಎಇ, ಸೌದಿ, ಸಿಂಗಪುರದಲ್ಲಿ ಅದು ಮಾದಕ ವಸ್ತುವಿನ ಲೆಕ್ಕ, ಜೈಲಾಗುತ್ತದೆ. ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಇಡಬೇಡಿ. ಗಾಜಿನ ಬಾಟಲಿಯೂ ಬೇಡ. ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಮುಕ್ಕಾಲು ಭಾಗ ತುಂಬಿ, ಬಾಯಿಗೆ ಟೇಪು ಸುತ್ತಿ, ಎರಡು ಕವರಿನೊಳಗೆ ಕಟ್ಟಿ ದೊಡ್ಡ ಪೆಟ್ಟಿಗೆಗೆ ಹಾಕಿ. ಪವರ್ ಬ್ಯಾಂಕು ಇದಕ್ಕೆ ತಿರುಗಾಮುರುಗಾ, ಕೈಚೀಲದಲ್ಲೇ ಇರಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಡುವವರು ಹಿಂದಿನ ದಿನವೇ ರೈಲಿನಲ್ಲಿ ಬೆಂಗಳೂರು ಸೇರಿಕೊಳ್ಳಿ. ಶಿವಮೊಗ್ಗದ ಸೋಗಾನೆ ನಿಲ್ದಾಣದಿಂದ ಹಾರುವ ವಿಮಾನವನ್ನು ಅದೇ ದಿನದ ವಿದೇಶಿ ವಿಮಾನಕ್ಕೆ ಪ್ರತ್ಯೇಕ ಟಿಕೆಟ್‌ನಲ್ಲಿ ಜೋಡಿಸಬೇಡಿ. ಮಳೆ, ಮಂಜಿಗೆ ಮೊದಲನೆಯದು ರದ್ದಾದರೆ ಎರಡನೆಯ ಟಿಕೆಟ್ಟಿನ ದುಡ್ಡು ಯಾರೂ ಕೊಡುವುದಿಲ್ಲ.